ತೂಕದ ಗುಂಡೂ ವಾಲಿದ ಗೋಡೆಯೂ

ಹೊಸ ಇಗರ್ಜಿಗಳನ್ನು ಕಟ್ಟಿಸುತ್ತಲೇ ತಲೆ ನರೆತ ಆರ್ಕಿಟೆಕ್ಟ್ ಲಸ್ರಾದೊ ಅವರ ಬಳಿ ಹಿತ್ತಾಳೆಯ ತೂಕದ ಗುಂಡೊಂದಿತ್ತು. ದಾರ ಕಟ್ಟಿ ಇಳಿಬಿಟ್ಟರೆ ಸಾಕು, ಗೋಡೆಯ ಓರೆಯನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಅದು ಓರೆ ಎಂದ ಗೋಡೆಯನ್ನು ಅವರು ಅಂದೇ ಕೆಡವಿಸುತ್ತಿದ್ದರು.

ಈಚೆಗೆ ಅವರು ಹಳೆಯ ಇಗರ್ಜಿಗಳ ದುರಸ್ತಿಗೆ ಇಳಿದಿದ್ದರು. ಅಂಥದೊಂದು ಇಗರ್ಜಿಯಲ್ಲಿ ವಾಲಿದ ಗೋಡೆಯೊಂದರ ತುದಿಯಿಂದ ಗುಂಡನ್ನು ಇಳಿಬಿಟ್ಟು, ಹೋದ ವರ್ಷ ಅದು ನಿಂತ ಕಡೆ ನೆಲದಲ್ಲಿ ಹಾಕಿದ್ದ ಗುರುತನ್ನು ಬಗ್ಗಿ ನೋಡಿದರು. ಗುಂಡಿನ ಮೊನೆ ಅಲ್ಲಿಗೇ ಬಂದಿತ್ತು. "ಈ ಗೋಡೆಯನ್ನು ಮುಟ್ಟಬೇಡಿ" ಎಂದು ಮೇಸ್ತ್ರಿಗೆ ಹೇಳಿ ಹೊರಗೆ ಹೋದರು.

ಗುಂಡಿಗೆ ತಲೆಬುಡ ಅರ್ಥವಾಗಲಿಲ್ಲ. "ಗೋಡೆಯೇ, ನೀನು ಗೇಣುದ್ದ ವಾಲಿದ್ದೀಯೆ. ನಾನು ಸುಳ್ಳು ಹೇಳಿದೆನೆ, ಇಲ್ಲ ಅವರ ಕಣ್ಣು ಮಂಜಾಯಿತೆ?" ಎಂದು ಕೇಳಿತು.

"ಎರಡೂ ಅಲ್ಲ," ಎಂದಿತು ಗೋಡೆ. "ಮೇಲಿನ ಹೆಂಚಿನ ಮಾಡಿನ ಭಾರಕ್ಕೆ ನಾನು ಎಂದೋ ವಾಲಿದೆ. ಆಮೇಲೆ ಅಲುಗಿಲ್ಲ. ಅವರು ಇಷ್ಟು ಕಾಲ ನಿನ್ನನ್ನು ಕೇಳುತ್ತಿದ್ದದ್ದು, ಗೋಡೆ ನೆಟ್ಟಗಿದೆಯೇ ಎಂದು. ಇವತ್ತು ಕೇಳಿದ್ದು, ಗೋಡೆ ನಿಂತಿದೆಯೇ ಎಂದು."

"ಹಾಗಾದರೆ ನಾನು ಕೆಡವಿಸಿದ ಗೋಡೆಗಳೂ ನಿಲ್ಲುತ್ತಿದ್ದವೇನು?"

"ಅದನ್ನು ಈಗ ಯಾರು ಹೇಳಬೇಕು? ನೀನು ಅವನ್ನು ನಿಲ್ಲಗೊಡಲಿಲ್ಲವಲ್ಲ."

ಗಾಳಿ ಇರಲಿಲ್ಲ. ಆದರೂ ಆ ದಿನವಿಡೀ ಗುಂಡು ಅತ್ತಿತ್ತ ಓಲಾಡುತ್ತಲೇ ಇತ್ತು.