ಬಿಟ್ಟ ಚೆಂಡು

ಬಹಳ ಹಿಂದೆ, ಒಂದು ಊರಿನಲ್ಲಿ, ನೆಲಕ್ಕೆ ಬಿದ್ದ ಚೆಂಡು ತಾನು ಬಿದ್ದ ಜಾಗವನ್ನು ತಾನೇ ಹೇಳುತ್ತಿತ್ತಂತೆ. ಆ ಊರಿನ ಟೆನಿಸ್ ಅಂಗಳಕ್ಕೆ ಸಿಮೆಂಟು ಇರಲಿಲ್ಲ, ಹುಲ್ಲೂ ಇರಲಿಲ್ಲ. ಮಣ್ಣು ಬಡಿದು ಗಟ್ಟಿ ಮಾಡಿ, ಮೇಲೆ ಸಗಣಿ ಸಾರಿಸಿ, ಒಣಗಿದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಚೆಂಡು ಎಲ್ಲಿ ಬಿದ್ದರೂ ಅಲ್ಲೊಂದು ಗುರುತು ಉಳಿಯುತ್ತಿತ್ತು. ಗೆರೆಯ ಒಳಗೋ ಹೊರಗೋ ಎಂದು ಜಗಳ ಬಂದರೆ ಎಲ್ಲರೂ ಬಗ್ಗಿ ನೋಡುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಆ ಅಂಗಳ ಸಾರಿಸುತ್ತಿದ್ದವಳು ಅಕ್ಕಯ್ಯಮ್ಮ. ಅವಳಿಗೆ ಗಂಡನಿರಲಿಲ್ಲ, ಇಬ್ಬರು ಗಂಡುಮಕ್ಕಳಿದ್ದರು. ದೊಡ್ಡವನು ಸಂಪಂಗಿ, ಬಲಗೈಯವನು. ಚಿಕ್ಕವನು ಮುನಿರಾಜು, ಎಡಗೈಯವನು. ತಾಯಿ ಸಾರಿಸಿದ ನೆಲದಲ್ಲೇ ಅವರು ಆಡಿ ಬೆಳೆದರು. ಅಣ್ಣ ಬಲಕ್ಕೆ, ತಮ್ಮ ಎಡಕ್ಕೆ ಜೋಡಿಯಾಗಿ ನಿಂತರೆ ಎದುರು ನಿಲ್ಲುವವರಿರಲಿಲ್ಲ ಎನ್ನುತ್ತಾರೆ.

ಜೋಡಿ ಆಟಕ್ಕೆ ಅವರದೊಂದು ಕಟ್ಟು ಇತ್ತು. ಚೆಂಡು ಇಬ್ಬರ ನಡುವೆ ಬಂದರೆ, ಮೊದಲು ‘ನಂದು’ ಎಂದವನಿಗೆ ಅದು ಸೇರಬೇಕು. ಇನ್ನೊಬ್ಬ ಬಿಡಬೇಕು. ಈ ಕಟ್ಟನ್ನು ಹಾಕಿದವಳು ಅಕ್ಕಯ್ಯಮ್ಮನೇ. ಮನೆಯಲ್ಲಿ ತಟ್ಟೆಯಲ್ಲಿ ಉಳಿದ ಕೊನೆಯ ಒಬ್ಬಟ್ಟಿಗೂ ಇದೇ ನಿಯಮ. ಕೇಳಿದವನಿಗೆ ಕೊಡಬೇಕು, ಬಿಟ್ಟವನು ಮುಖ ಊದಿಸಬಾರದು.

ಒಂದು ವರ್ಷ ಊರಿನಲ್ಲಿ ದೊಡ್ಡ ಪಂದ್ಯ ನಡೆಯಿತು. ಕಡೆಯ ಆಟ, ಕಡೆಯ ಚೆಂಡು. ಎದುರಿನವರು ಅದನ್ನು ಆಕಾಶಕ್ಕೆ ಎತ್ತಿ ಹೊಡೆದರು. ಬಹಳ ಹೊತ್ತು ಅದು ಇಳಿಯಲೇ ಇಲ್ಲ ಎನ್ನುತ್ತಾರೆ. ಇಳಿಯುವಾಗ ಮುನಿರಾಜು ಕೂಗಿದ, “ಬಿಡಣ್ಣ, ನಂದು.”

ಸಂಪಂಗಿ ಬಿಡಲಿಲ್ಲ. ಗೆಲ್ಲುವ ಚೆಂಡು ಕಣ್ಣ ಮುಂದೆ ಇಳಿಯುತ್ತಿತ್ತು, ಕೈ ತಾನಾಗಿ ಎದ್ದಿತು. ಅವನ ಭುಜ ತಮ್ಮನಿಗೆ ಬಡಿಯಿತು. ಚೆಂಡು ಎದುರಿನವರ ಗೆರೆಯ ಒಳಗೆ ಬಿತ್ತು, ಜನ ಎದ್ದು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಒಂದು ಕಡೆಯಿಂದ ನಿಲ್ಲುತ್ತ ಬಂದಾಗ ಸಂಪಂಗಿ ಹಿಂದೆ ತಿರುಗಿ ನೋಡಿದ. ಅಂಗಳದ ಅಂಚಿನಲ್ಲಿ ಕಲ್ಲಿನ ರೋಲರ್ ಇತ್ತು. ಅದಕ್ಕೆ ತಲೆ ಬಡಿದು, ಪಕ್ಕದಲ್ಲಿ ತಮ್ಮ ಮಲಗಿದ್ದ. ಅವನು ಮತ್ತೆ ಏಳಲಿಲ್ಲ.

ಅಕ್ಕಯ್ಯಮ್ಮ ಅಳಲಿಲ್ಲ ಎನ್ನುತ್ತಾರೆ. ದೊಡ್ಡ ಮಗನಿಗೆ ಒಂದೇ ಮಾತು ಹೇಳಿದಳು. “ಅವನು ಬಿಡು ಅಂದ. ನೀನು ಬಿಡಲಿಲ್ಲ.” ಅಂದಿನಿಂದ ಅವನ ಜೊತೆ ಮಾತು ನಿಲ್ಲಿಸಿದಳು. ಅವನಿಗೆ ಊಟ ಇಡುತ್ತಿದ್ದಳು, ಕರೆಯುತ್ತಿರಲಿಲ್ಲ. ಅಂಗಳವನ್ನು ಎಂದಿನಂತೆ ಸಾರಿಸುತ್ತಿದ್ದಳು.

ಸಂಪಂಗಿ ಊರು ಬಿಟ್ಟ. ಜೋಡಿ ಆಟ ಬಿಟ್ಟ, ಒಬ್ಬನೇ ಆಡತೊಡಗಿದ. ಊರೂರು ತಿರುಗಿ ಗೆದ್ದ, ರಾಜ್ಯಕ್ಕೇ ಚಾಂಪಿಯನ್ ಆದ. ಆದರೆ ಅವನ ಆಟ ನೋಡಿದವರು ಒಂದು ವಿಷಯವನ್ನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಅವನು ಅಂಗಳದ ಬಲ ಅರ್ಧದಲ್ಲಿ ಮಾತ್ರ ನಿಲ್ಲುತ್ತಿದ್ದನಂತೆ. ಎಡ ಅರ್ಧ ಖಾಲಿ. ಅಲ್ಲಿಗೆ ಹೊಡೆದರೆ ಗೆಲ್ಲಬಹುದೆಂದು ಎಲ್ಲರೂ ಅಲ್ಲಿಗೇ ಹೊಡೆಯುತ್ತಿದ್ದರು, ಚೆಂಡು ಹಿಂದಕ್ಕೆ ಬರುತ್ತಿತ್ತು. ಸಂಪಂಗಿ ಯಾವಾಗ ಓಡಿದ, ಯಾವಾಗ ಹೊಡೆದ ಎಂದು ಕೇಳಿದರೆ, ಎದುರು ಆಡಿದವರೂ ಹೇಳಲಾರದೆ ಹೋಗುತ್ತಿದ್ದರು. ಸೋತವನೊಬ್ಬ ಬೂಟು ಬಿಚ್ಚುತ್ತ ಗೊಣಗಿದ್ದನಂತೆ, “ಇವನು ಒಬ್ಬನೇ ಬಂದ್ರೆ ಆಡ್ತೀನಿ. ಇಬ್ಬರು ಬಂದ್ರೆ ನಾನ್ಯಾಕೆ ಆಡಲಿ?” ಕೇಳಿದವರು ನಕ್ಕರು. ಸಂಪಂಗಿ ನಗಲಿಲ್ಲ.

ವಯಸ್ಸಾಗಿ ಮಂಡಿ ಸೋತಾಗ ರೇಡಿಯೊದವರು ಅವನನ್ನು ಕಾಮೆಂಟರಿಗೆ ಕರೆದರು. ಆ ಕೆಲಸದಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಒಂದೊಂದು ಚೆಂಡನ್ನೂ ಮಾತಿನಲ್ಲಿ ಹಿಡಿಯುತ್ತಿದ್ದ, ಒಂದನ್ನೂ ಬಿಡುತ್ತಿರಲಿಲ್ಲ. ಒಂದೇ ಷರತ್ತು ಹಾಕಿದ್ದ: ಜೋಡಿ ಆಟಕ್ಕೆ ತನ್ನನ್ನು ಕೂರಿಸಬಾರದು. ಅವನ ಪಕ್ಕದಲ್ಲಿ, ಎಡಕ್ಕೆ, ಒಂದು ಖಾಲಿ ಕುರ್ಚಿ ಇರುತ್ತಿತ್ತು. ಅದನ್ನು ಯಾರೂ ಎತ್ತಿಡುತ್ತಿರಲಿಲ್ಲ.

ಆಗ ಮನೆಮನೆಗೆ ರೇಡಿಯೊ ಇರಲಿಲ್ಲ. ಊರಿನ ಪಾರ್ಕಿನಲ್ಲಿ ಮುನಿಸಿಪಾಲಿಟಿಯ ರೇಡಿಯೊ ಕಂಬವಿತ್ತು, ಸಂಜೆ ಜನ ಅದರ ಸುತ್ತ ಸೇರುತ್ತಿದ್ದರು. ಸಂಪಂಗಿಯ ದನಿ ಬರುವ ದಿನ ಅಕ್ಕಯ್ಯಮ್ಮನೂ ಬಂದು ಕಂಬಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಬೀಡಾ ಅಂಗಡಿಯ ಖಾದರ್ ಸಾಬರು ಒಮ್ಮೆ ಕೆಣಕಿದರಂತೆ, “ಏನಮ್ಮೋ, ಮಗನ ಜೊತೆ ಮಾತಿಲ್ಲ, ರೇಡಿಯೊ ಜೊತೆ ಸ್ನೇಹಾನಾ?”

ಅಕ್ಕಯ್ಯಮ್ಮ ತಲೆ ಎತ್ತದೆ ಹೇಳಿದಳು. “ಮಾತಾಡೋನನ್ನ ಕೇಳೋಕೆ ಬಂದಿಲ್ಲ ಸಾಬ್ರೇ. ಅವನು ಮಾತು ನಿಲ್ಲಿಸಿದಾಗ ಇನ್ನೊಬ್ಬ ಉಸಿರು ಬಿಡ್ತಾನಲ್ಲ, ಅವನನ್ನ ಕೇಳೋಕೆ ಬಂದಿದೀನಿ.”

ಖಾದರ್ ಸಾಬರು ಕಂಬದ ಹತ್ತಿರ ಬಂದು ಕಿವಿಗೊಟ್ಟರು. ಆಮೇಲೆ ಎಲ್ಲರಿಗೂ ಅದು ಕೇಳಿಸತೊಡಗಿತು ಎನ್ನುತ್ತಾರೆ. ಸಂಪಂಗಿ ಒಂದು ವಾಕ್ಯ ಮುಗಿಸಿ ಇನ್ನೊಂದು ಶುರು ಮಾಡುವ ನಡುವೆ, ಓಡಿ ಬಂದು ನಿಂತವನ ಉಸಿರು. ಕರೆಂಟಿನ ಸದ್ದು ಎಂದರು ಕೆಲವರು. ಕರೆಂಟಿಗೆ ಏದುಸಿರು ಯಾಕೆ ಬರುತ್ತದೆ ಎಂದು ಕೇಳಿದರು ಉಳಿದವರು.

ಹೀಗೇ ಒಂದು ವರ್ಷ, ದೊಡ್ಡ ಪಂದ್ಯದ ಜೋಡಿ ಆಟದ ದಿನ, ಕಾಮೆಂಟರಿ ಹೇಳಬೇಕಾದವನಿಗೆ ಜ್ವರ ಬಂತು. ಬೇರೆ ಯಾರೂ ಸಿಗಲಿಲ್ಲ. ರೇಡಿಯೊದವರು ಕೈ ಮುಗಿದರು, ಸಂಪಂಗಿ ಕೂತ. ಕಡೆಯ ಆಟ ಬಂತು, ಕಡೆಯ ಚೆಂಡು ಬಂತು. ಎದುರಿನವರು ಅದನ್ನು ಆಕಾಶಕ್ಕೆ ಎತ್ತಿದರು.

ಚೆಂಡು ಮೇಲಕ್ಕೆ ಹೋಗುತ್ತಿದೆ ಎಂದು ಸಂಪಂಗಿ ಹೇಳಿದ. ಇಳಿಯುತ್ತಿದೆ ಎಂದ. ಇಬ್ಬರ ನಡುವೆ ಇಳಿಯುತ್ತಿದೆ ಎಂದ. ಆಗ ಪಾರ್ಕಿನಲ್ಲಿದ್ದವರೆಲ್ಲ ಕೇಳಿದರು. ರೇಡಿಯೊದೊಳಗಿಂದ, ಸಂಪಂಗಿಯ ಎಡಗಡೆಯಿಂದ, ಎಳೆಯ ದನಿ.

“ಬಿಡಣ್ಣ, ನಂದು.”

ಅಕ್ಕಯ್ಯಮ್ಮ ಮೊದಲ ಸಲ ಕಂಬದ ಕಡೆ ತಿರುಗಿದಳು.

ಸಂಪಂಗಿಯ ಬಾಯಲ್ಲಿ ಮಾತು ಸಿದ್ಧವಿತ್ತು. ಚೆಂಡನ್ನು ಬಿಡದಿರುವುದೇ ಅವನ ಕೆಲಸ. ನಾಡೆಲ್ಲ ಕಿವಿಗೊಟ್ಟು ಕೂತಿತ್ತು, ಆ ಚೆಂಡು ಏನಾಯಿತೆಂದು ಅವನು ಹೇಳದಿದ್ದರೆ ಮತ್ತೆ ಯಾರೂ ಅವನನ್ನು ಅಲ್ಲಿ ಕೂರಿಸುವುದಿಲ್ಲ. ಇದು ಅವನಿಗೆ ಗೊತ್ತಿತ್ತು.

“ಬಿಟ್ಟೆ ಕಣೋ,” ಎಂದ. “ನಿಂದು.”

ಅಷ್ಟೇ. ಆಮೇಲೆ ಅವನು ಒಂದಕ್ಷರವೂ ಆಡಲಿಲ್ಲ. ಆ ಮೌನದಲ್ಲಿ ರ್‍ಯಾಕೆಟ್ಟಿನ ತಂತಿಗೆ ಚೆಂಡು ತಗುಲಿದ ಸದ್ದು ಬಂತು, ಒಂದೇ ಸಲ.

ಅಲ್ಲಿ, ಆಟದ ಅಂಗಳದಲ್ಲಿ, ಆ ಚೆಂಡನ್ನು ಈಚೆಯ ಇಬ್ಬರು ಆಟಗಾರರೂ ಹೊಡೆದಿರಲಿಲ್ಲ. ನೀನು ತೆಗೆದುಕೊಳ್ಳುತ್ತೀಯ ಎಂದುಕೊಂಡೆ ಎಂದು ಒಬ್ಬರಿಗೊಬ್ಬರು ಹೇಳುತ್ತ ನಿಂತಿದ್ದರು. ಚೆಂಡು ಮಾತ್ರ ಬಲೆಯ ಆಚೆ, ಎದುರಿನವರ ಕಾಲ ಬಳಿ ಬಿದ್ದಿತ್ತು. ರೇಡಿಯೊದವರು ಆಮೇಲೆ ತಮ್ಮ ಟೇಪನ್ನು ಹಾಕಿ ಕೇಳಿದರಂತೆ. ಅದರಲ್ಲಿ ಸಂಪಂಗಿಯ ದನಿ ಇತ್ತು. ಇನ್ನೊಂದು ದನಿ ಇರಲಿಲ್ಲ.

ಪಾರ್ಕಿನಲ್ಲಿ ಅಕ್ಕಯ್ಯಮ್ಮ ಎದ್ದು ಸೆರಗು ಕೊಡವಿದಳು. “ಸಾಬ್ರೇ,” ಎಂದಳು, “ಸಂಪಂಗಿಗೆ ಹೇಳಿ ಕಳಿಸಿ. ಅಮ್ಮ ಊಟಕ್ಕೆ ಕರೀತಾಳೆ ಅಂತ.”

ಅವನು ಬಂದ. ತಾಯಿ ಒಬ್ಬಟ್ಟು ಮಾಡಿದ್ದಳು. ಇಬ್ಬರೂ ಏನು ಮಾತಾಡಿದರು ಎಂದು ಯಾರಿಗೂ ಗೊತ್ತಿಲ್ಲ. ಕೊನೆಯ ಒಬ್ಬಟ್ಟನ್ನು ಇಬ್ಬರೂ ಮುಟ್ಟಲಿಲ್ಲ ಎಂದು ಮಾತ್ರ ಹೇಳುತ್ತಾರೆ. ಕೈ ತೊಳೆದು ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು ಎಂದೂ ಹೇಳುತ್ತಾರೆ. ರೇಡಿಯೊದವರು ಅವನನ್ನು ಮತ್ತೆ ಕರೆಯಲಿಲ್ಲ. ಅಕ್ಕಯ್ಯಮ್ಮ ಪಾರ್ಕಿಗೆ ಮತ್ತೆ ಹೋಗಲಿಲ್ಲ. ಅವಳು ಕೇಳಬೇಕಾದ ಉಸಿರು ಅಲ್ಲಿ ಇನ್ನಿರಲಿಲ್ಲ. ತಾಯಿ ಮಗ ಸೇರಿ ಅಂಗಳ ಸಾರಿಸಿಕೊಂಡು ಉಳಿದ ಕಾಲ ಕಳೆದರು.

ಆ ಅಂಗಳವನ್ನು ಈಗಲೂ ಸಾರಿಸುತ್ತಾರೆ. ನೆಲ ಒಣಗಿದ ಮೇಲೆ, ಆಟ ಶುರುವಾಗುವ ಮುಂಚೆ, ಅಲ್ಲಿಯವರು ಒಂದು ಚೆಂಡನ್ನು ಬಲೆಯ ಈಚೆಗೇ ಇಳಿಯುವಂತೆ ಎತ್ತರಕ್ಕೆ ಹೊಡೆದು, “ನಿಂದು” ಎಂದು ಹೇಳಿ, ಎಲ್ಲರೂ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಹೋಗಿ ಗುರುತು ಹುಡುಕುತ್ತಾರೆ. ಹೊಸದಾಗಿ ಸಾರಿಸಿದ ನೆಲ, ಏನು ಬಿದ್ದರೂ ಗುರುತು ಆಗಲೇಬೇಕು. ಎಷ್ಟೋ ಸಲ ಆಗಿರುತ್ತದೆ.

ಕೆಲವು ಸಲ ಈ ಕಡೆಯ ನೆಲದಲ್ಲಿ ಒಂದು ಗುರುತೂ ಇರುವುದಿಲ್ಲ. ಚೆಂಡು ಬಲೆಯ ಆಚೆ ಇರುತ್ತದೆ. ಆ ದಿನ ಅಂಗಳದ ಎಡ ಅರ್ಧದಲ್ಲಿ ಯಾರೂ ಕಾಲಿಡುವುದಿಲ್ಲ.