ರಾಣಿಯ ಉಸಿರಿಗೆ ಎಷ್ಟು ಬೆಲೆ

"ಕೇಳ್ರಪ್ಪೋ ಕೇಳ್ರಿ! ದೊರೆ ಚಂಡಕೀರ್ತಿಯ ಅಪ್ಪಣೆ! ಹೆಡ್‌ಫೋನಿನ ಮೇಲೆ ಮೂರು ಒಗಟು. ಬಿಡಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆಬಾಗಿಲಿಗೆ. ಆ ತಲೆಗೆ ಮಣ್ಣು ಕೊಡುವ ಹಾಗಿಲ್ಲ!"

ಹೀಗೆ ಹಂಸಗಿರಿಯಲ್ಲಿ ಡಂಗುರ ಸಾರಿದರು. ಅರಮನೆಗೆ ಹೆಡ್‌ಫೋನ್ ಎಲ್ಲಿಂದ ಬಂತು ಎಂದು ಕೇಳುವ ಜಾಣರು ಈಗಲೇ ಎದ್ದು ಹೋಗಬಹುದು. ಉಳಿದವರು ಕೇಳಿ. ರಾಣಿ ತೀರಿಕೊಂಡಿದ್ದಳು. ಅವಳು ಹಾಡಿದ ಒಂದು ಹಾಡು ಯಂತ್ರದಲ್ಲಿ ಉಳಿದಿತ್ತು. ಅದನ್ನು ಕೇಳಲು ರಾಜ ದಿನಕ್ಕೊಂದು ದುಬಾರಿ ಹೆಡ್‌ಫೋನ್ ತರಿಸಿದ. ಖಜಾನೆ ಕರಗಿತು, ಮನಸ್ಸು ಕೆಟ್ಟಿತು.

ಕುರಿ ಕಾಯುವ ಮಾಳಿಂಗನಿಗೆ ರಾಜ್ಯ ಬೇಕಿರಲಿಲ್ಲ. ಅವನ ಅಣ್ಣ ಬೀರಣ್ಣ ಆಸೆಪಟ್ಟು ಬಂದು ಸೋತಿದ್ದ. ಈಗ ಅಣ್ಣನ ತಲೆ ಕೋಟೆಬಾಗಿಲಲ್ಲಿ ಬಿಸಿಲಿಗೆ ಒಣಗುತ್ತಿತ್ತು. ಗೆದ್ದವನು ಕೇಳಿದರೆ ಮಾತ್ರ ಅದನ್ನು ಇಳಿಸಬಹುದು ಎಂದು ಕಾವಲುಗಾರರು ಹೇಳಿದರು. ಮಾಳಿಂಗ ಕಂಬಳಿ ಕೊಡವಿಕೊಂಡು ಒಳಗೆ ಹೋದ.

ಅಂದು ಅವನ ಜೊತೆ ಇನ್ನಿಬ್ಬರಿದ್ದರು: ವಜ್ರದ ವ್ಯಾಪಾರಿಯ ಮಗ ಮಕರಂದ ಮತ್ತು ನೆರೆಸೀಮೆಯ ಯುವರಾಜ ಶೂರಸೇನ. ಮೂವರ ಕಣ್ಣಿಗೂ ಬಟ್ಟೆ ಕಟ್ಟಿದರು. ಕೊಡಲಿ ಮಸೆಯುವ ಸದ್ದು ಮಾತ್ರ ಕೇಳುತ್ತಿತ್ತು.

"ಇಲ್ಲಿ ಮೂರು ಹೆಡ್‌ಫೋನ್ ಇವೆ," ಎಂದ ರಾಜ. "ಒಂದಕ್ಕೆ ಒಂದು ಊರನ್ನೇ ಕೊಟ್ಟೆ. ಇನ್ನೊಂದಕ್ಕೆ ಒಂದು ಕುದುರೆ. ಮತ್ತೊಂದು ಒಂದು ಹೊತ್ತಿನ ಊಟದ ಬೆಲೆಗೆ ಬಂತು. ಒಂದೊಂದಾಗಿ ತೊಡಿಸುತ್ತೇನೆ. ಊರಿನ ಬೆಲೆಯದು ಯಾವುದು?"

ಮೂರನ್ನೂ ಕೇಳಿದ ಮೇಲೆ ಮಕರಂದ ತಡಮಾಡಲಿಲ್ಲ. "ಮೊದಲನೆಯದು ಪ್ರಭೂ! ಏನು ಗತ್ತು, ಏನು ಗಾಂಭೀರ್ಯ!"

ಅವನನ್ನು ಎಳೆದೊಯ್ದರು. ಹೊರಗೆ ಧಡ್ ಎಂದಿತು.

"ದೊರೀ," ಎಂದ ಮಾಳಿಂಗ, "ಮೊದಲ್ನೇದ್ ಜೋರ್ ಐತಿ, ಉಳದಾವು ಮೆಲ್ಲಕ ಅದಾವು. ಮಗ್ಗಲದಾಗಿನ ಕುರಿಗಂಟಿ ದೂರದ ಗುಡಿಗಂಟಿಗಿಂತ ದೊಡ್ಡದ ಕೇಳತೈತ್ರಿ. ಮೂರಕ್ಕೂ ಸಪ್ಪಳ ಒಂದ ಅಳತೀಗೆ ತರ್ರಿ."

ರಾಜ ಸದ್ದನ್ನು ಸರಿಮಾಡಿದ. ಈಗ ಎರಡನೆಯದರಲ್ಲಿ ಹಾಡಿನ ಹಿಂದಿನ ತಂಬೂರಿಯ ನಾದ ಕೊನೆಯವರೆಗೂ ಸಣ್ಣಗೆ ಕೇಳಿಸಿತು. ಮಾಳಿಂಗನೂ ಯುವರಾಜನೂ ಅದನ್ನೇ ಹೇಳಿದರು. ಕೊಡಲಿ ಸುಮ್ಮನಿತ್ತು.

"ಎರಡನೆಯ ಒಗಟು. ಎರಡು ಸಲ ತೊಡಿಸುತ್ತೇನೆ. ಎರಡಕ್ಕೂ ಏನು ವ್ಯತ್ಯಾಸ?"

ಯುವರಾಜ ತಲೆದೂಗಿದ. "ಆಕಾಶ ಪಾತಾಳದ ವ್ಯತ್ಯಾಸ, ದೊರೆಯೇ. ಮೊದಲನೆಯದು ಒರಟು. ಎರಡನೆಯದರಲ್ಲಿ ರೇಷ್ಮೆಯ ನುಣುಪು. ಹೆಚ್ಚು ಬೆಲೆಯದು ಇದೇ."

ಮಾಳಿಂಗ ಮತ್ತೆ ಕೇಳಿದ. ಎಷ್ಟು ಕಿವಿಗೊಟ್ಟರೂ ಏನೂ ಸಿಗಲಿಲ್ಲ. ಇಂಥವರಿಗೆ ಕೇಳಿದ್ದು ತನಗೇಕೆ ಕೇಳುತ್ತಿಲ್ಲ ಎಂದು ಅವನಿಗೆ ಅಳು ಬಂತು. ಸುಳ್ಳು ಹೇಳಲು ನಾಲಿಗೆಯೂ ಏಳಲಿಲ್ಲ.

"ನನಗೇನೂ ಫರಕ್ ಗೊತ್ತಾಗವಲ್ತು ದೊರೀ. ಎರಡೂ ಒಂದ ಅನಸ್ತೈತಿ."

"ಒಂದೇ," ಎಂದ ರಾಜ. "ಊಟದ ಬೆಲೆಯದನ್ನೇ ಎರಡು ಸಲ ತೊಡಿಸಿದೆ."

ಯುವರಾಜನ ಕೂಗು ಅಂಗಳದವರೆಗೆ ಕೇಳಿ ನಿಂತುಹೋಯಿತು. ದುಡ್ಡೇ ದೊಡ್ಡಪ್ಪ ಎನ್ನುತ್ತಾರೆ. ಆ ದೊಡ್ಡಪ್ಪ ಅಂದು ಯಾರ ಕುತ್ತಿಗೆಯನ್ನೂ ಕಾಯಲಿಲ್ಲ.

ರಾಜ ಮಾಳಿಂಗನ ಕಣ್ಣುಪಟ್ಟಿ ತಾನೇ ಬಿಚ್ಚಿದ. ಎದುರಿಗಿದ್ದದ್ದು ನಿದ್ದೆಗೆಟ್ಟ ಮುದುಕ. ಊರಿನ ಬೆಲೆಯ ಹೆಡ್‌ಫೋನನ್ನು ಮಾಳಿಂಗನ ತಲೆಗೆ ತೊಡಿಸಿ ರಾಣಿಯ ಹಾಡು ಹಾಕಿದ.

"ಕೊನೆಯ ಒಗಟು. ಎರಡು ಸಾಲಿನ ನಡುವೆ ಅವಳು ಉಸಿರೆಳೆದುಕೊಳ್ಳುತ್ತಿದ್ದಳು. ನನಗೆ ನೆನಪಿದೆ. ಇಷ್ಟು ಕೊಟ್ಟರೂ ಇದರಲ್ಲಿ ಅದು ಕೇಳುವುದಿಲ್ಲ. ಇನ್ನೆಷ್ಟು ಬೆಲೆಯದನ್ನು ತಂದರೆ ಕೇಳುತ್ತದೆ?"

ಅವನ ಕಣ್ಣುಗಳು ಬೇಡುತ್ತಿದ್ದವು. ಒಂದು ಸಿಹಿ ಮಾತು ಆಡಿಬಿಡೋಣ ಎಂದು ಮಾಳಿಂಗನಿಗೆ ತುಂಬ ಅನಿಸಿತು. ಪಾಪವೆನಿಸಿತು, ಭಯವೂ ಆಯಿತು.

"ಯಾವುದ್ರಾಗೂ ಕೇಳೂದಿಲ್ರಿ. ಯಂತ್ರ ಹಿಡಿದಿದ್ದಷ್ಟನ್ನ ಇದು ಕೇಳಸ್ತೈತಿ. ಅದರಾಗ ಉಸಿರ ಇಲ್ಲ. ಅವ್ವಾರು ಹೋಗ್ಯಾರ್ರಿ."

ಕೊಡಲಿಯವನು ಒಂದು ಹೆಜ್ಜೆ ಮುಂದೆ ಬಂದ. ರಾಜ ಕೈಯೆತ್ತಿ ತಡೆದ.

"ನಿನ್ನಂತೆಯೇ ಕಂಬಳಿಯವನೊಬ್ಬ ಇಲ್ಲಿಯವರೆಗೆ ಬಂದಿದ್ದ. ನನ್ನ ಮುಖ ನೋಡಿ ಅತ್ತ. 'ಇನ್ನೊಂದು ಊರು ಕೊಡ್ರಿ, ಕೇಳತೈತಿ' ಎಂದ. ಆ ಸುಳ್ಳಿಗೆ ಅವನ ತಲೆ ಹೋಯಿತು."

"ಅಂವ ನಮ್ಮಣ್ಣರಿ," ಎಂದ ಮಾಳಿಂಗ. "ಯಾರರ ಅಳೂದ ಕಂಡ್ರ ತಡಕೊಳ್ತಿದ್ದಿಲ್ಲ ಅಂವ. ನನಗ ಅವನ ತಲಿ ಕೊಡ್ರಿ. ಉಳದಾವರ್ದೂ ಇಳಸ್ರಿ."

ರಾಜ ತಲೆಗಳನ್ನೆಲ್ಲ ಇಳಿಸಲು ಅಪ್ಪಣೆ ಕೊಟ್ಟ. ಬೀರಣ್ಣನ ತಲೆ ಕಂಬಳಿಯಲ್ಲಿ ಊರಿಗೆ ಹೋಯಿತು. ರಾಜ ಬರಿಗಾಲಲ್ಲಿ ಅದರ ಹಿಂದೆ ನಡೆದು ಬಂದ. ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ತಲೆ ಹೂಳಲು ತೋಡಿದ ಗುಂಡಿಯ ಹತ್ತಿರ ನಿಂತು ಬಿಕ್ಕಿ ಬಿಕ್ಕಿ ಅಳತೊಡಗಿದ.

"ಇಂವ ಯಾರೋ?" ಎಂದು ಮಾಳಿಂಗನ ತಾಯಿ ಕೇಳಿದಳು.

"ಕೊಲ್ಲಿಸಿದಾಂವ, ಯವ್ವಾ."

ಮುದುಕಿ ರಾಜನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅವನ ಅಂಗೈಗೆ ಹಾಕಿದಳು.

"ಅಳೂದ ಬಿಡು. ನೀ ಎಷ್ಟ ಅತ್ರೂ ಅವಗ ಕೇಳೂದಿಲ್ಲ. ಮಣ್ಣ ಹಾಕು."

ರಾಜ ಮಣ್ಣು ಹಾಕಿದ. ಅರ್ಧ ರಾಜ್ಯ ಮಾಳಿಂಗನಿಗೆ ಬಂತು. ಅದರಿಂದ ಅವನಿಗೆ ಎಷ್ಟು ಸುಖವಾಯಿತೆಂದು ಅವನನ್ನೇ ಕೇಳಬೇಕು. ನನಗೆ ಗೊತ್ತಿರುವುದು ಗುಂಡಿ ಮುಚ್ಚುವವರೆಗೆ.