ಉಪ್ಪಿನ ಗದ್ದೆಯಲ್ಲಿ ಬೆಳಕಿನ ಮುಳ್ಳು

"ಗುರುಗಳೇ, ಎಲ್ಲರನ್ನೂ ಒಂದೇ ಅಳತೆಯಿಂದ ಅಳೆಯುವವನು ತಪ್ಪು ಮಾಡುವುದುಂಟೇ?"

ಮರುಳಯ್ಯ ಹೀಗೆ ಕೇಳಿದಾಗ ಸಂಜೆಯಾಗಿತ್ತು. ಗುರುಗಳು ಮಠದ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಮರುಳಯ್ಯ ಮಠದ ದಾಸೋಹ ನೋಡಿಕೊಳ್ಳುವ ಶಿಷ್ಯ. ಬಂದ ಭಕ್ತರಿಗೆಲ್ಲ ಅಡುಗೆ ಮಾಡಿಸಿ ಬಡಿಸುವುದು ಅವನ ಹೊಣೆ. ಅವನು ಪ್ರಶ್ನೆ ಕೇಳಲು ಬಂದಿದ್ದನೆನ್ನುವುದಕ್ಕಿಂತ, ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿದ್ದ ಉತ್ತರಕ್ಕೆ ಗುರುಗಳಿಂದ ಹೂಂ ಅನ್ನಿಸಿಕೊಂಡು ಹೋಗಲು ಬಂದಿದ್ದ.

"ಯಾರನ್ನು ಅಳೆದೆ?" ಎಂದರು ಗುರುಗಳು.

"ಅಡುಗೆಮನೆಯ ತೋಂಟಪ್ಪನನ್ನು."

ತೋಂಟಪ್ಪ ದಾಸೋಹದ ದೊಡ್ಡ ಒಲೆಯ ಮುಂದೆ ಅನ್ನ ಬೇಯಿಸುವವನು. ಮಠದಲ್ಲಿ ಎಲ್ಲರೂ ಮೆಲ್ಲಗೆ ಮಾತಾಡಿದರೆ ಅವನದು ಒರಟು ಮಾತು. ಎಲ್ಲರೂ ಒಗೆದ ಬಿಳಿ ಪಂಚೆಯುಟ್ಟು ಸಂಜೆಯ ಭಜನೆಗೆ ಕೂತರೆ ಅವನು ಮಸಿ ಹತ್ತಿದ ಬನಿಯನ್ನಿನಲ್ಲೇ ಬಂದು, ಕಂಬಕ್ಕೊರಗಿ ತೂಕಡಿಸುತ್ತಿದ್ದ. ನಿನ್ನೆಯಂತೂ ಇನ್ನೊಂದು ಸಲ ಸಾರು ಕೇಳಿದ ಹೆಂಗಸೊಬ್ಬಳ ಮೇಲೆ ರೇಗಿಬಿಟ್ಟಿದ್ದ. ಬೆಳಗಾಗುತ್ತಲೇ ಅವನನ್ನು ಮಠದಿಂದ ಕಳುಹಿಸಿಬಿಡಬೇಕೆಂದು ಮರುಳಯ್ಯ ತೀರ್ಮಾನಿಸಿದ್ದ. ತೋಂಟಪ್ಪನಿಗೆ ಹೋಗಲು ಬೇರೆ ಜಾಗವಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಾಗಾಗಿ ಒಳಗೆ ಏನೋ ಚುಚ್ಚುತ್ತಿತ್ತು.

"ನನಗೆ ಅವನ ಮೇಲೆ ಸಿಟ್ಟಿಲ್ಲ, ಗುರುಗಳೇ. ಬೇರೆಯವರನ್ನು ನೋಡುವ ಕಣ್ಣಿನಿಂದಲೇ ಅವನನ್ನೂ ನೋಡಿದೆ. ಇಷ್ಟು ಜನರ ನಡುವೆ ಅವನೊಬ್ಬನೇ ಕಪ್ಪಾಗಿ ಕಾಣುತ್ತಾನೆ."

ಗುರುಗಳು ನಕ್ಕರು. "ರೀಲು ಹಾಕುವ ಹಳೆಯ ಕ್ಯಾಮೆರಾ ನೋಡಿದ್ದೀಯಾ?"

ಮರುಳಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಗುರುಗಳಿಗೆ ವಯಸ್ಸಾಯಿತು, ಮಾತು ಎಲ್ಲಿಂದ ಎಲ್ಲಿಗೋ ಹಾರುತ್ತದೆ ಎಂದುಕೊಂಡ. ಆದರೂ ಮೆಟ್ಟಿಲ ಮೇಲೆ ಕೂತ. ಗುರುಗಳು ಕತೆ ಹೇಳಿದರು.

ಒಬ್ಬ ಛಾಯಾಗ್ರಾಹಕನಿದ್ದ. ಅವನ ಬಳಿ ಒಂದು ಹಳೆಯ ಕ್ಯಾಮೆರಾ ಇತ್ತು. ಅದರ ಕಿಂಡಿಗೆ ಕಣ್ಣಿಟ್ಟರೆ ಅಂಚಿನಲ್ಲಿ ಒಂದು ಸಣ್ಣ ಮುಳ್ಳು ಕಾಣುತ್ತಿತ್ತು, ತಕ್ಕಡಿಯ ಮುಳ್ಳಿನ ಹಾಗೆ. ಎದುರಿನ ಬೆಳಕು ಹೆಚ್ಚಾದರೆ ಅದು ಮೇಲೇರುತ್ತಿತ್ತು, ಕಡಿಮೆಯಾದರೆ ಕೆಳಗಿಳಿಯುತ್ತಿತ್ತು. ಲೆನ್ಸಿನ ಬಳೆಯನ್ನು ತಿರುಗಿಸಿ ಮುಳ್ಳನ್ನು ನಡುವಿಗೆ ತಂದು ನಿಲ್ಲಿಸಿದರೆ ಆಯಿತು, ಚಿತ್ರ ಸರಿಯಾಗಿ ಬರುತ್ತಿತ್ತು. ಮದುವೆ, ನಾಮಕರಣ, ಶಾಲೆಯ ಗುಂಪು ಚಿತ್ರ, ಎಲ್ಲಿಯೂ ಆ ಮುಳ್ಳು ಅವನಿಗೆ ಕೈಕೊಟ್ಟಿರಲಿಲ್ಲ. ಹೆಂಡತಿಯ ಮಾತಿಗಿಂತ ಮುಳ್ಳಿನ ಮಾತನ್ನೇ ಅವನು ಹೆಚ್ಚು ನಂಬುತ್ತಿದ್ದ.

ಒಂದು ಬೇಸಿಗೆಯಲ್ಲಿ ಅವನು ಸಮುದ್ರದ ಬದಿಯ ಉಪ್ಪಿನ ಗದ್ದೆಗೆ ಹೋದ. ಅಲ್ಲಿ ಎಲ್ಲವೂ ಬಿಳಿ. ಗದ್ದೆ ಬಿಳಿ, ರಾಶಿ ಬಿಳಿ, ಬಿಸಿಲಿಗೆ ಆಕಾಶವೂ ಬಿಳಿ. ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಅದರ ನಡುವೆ ಒಬ್ಬ ಹೆಂಗಸು ಮರದ ಹಲಗೆಯಿಂದ ಉಪ್ಪು ಎಳೆಯುತ್ತಿದ್ದಳು. ನಿದ್ದೆಯಲ್ಲಿ ನಡೆಯುವವಳಂತೆ ಮುಂದೆ ಹೋಗುತ್ತಿದ್ದಳು, ಹಿಂದೆ ಬರುತ್ತಿದ್ದಳು.

ಅವಳು ತನ್ನದೊಂದು ಚಿತ್ರ ತೆಗೆದುಕೊಡಬೇಕೆಂದು ಕೇಳಿಕೊಂಡಳು. ಮಗಳನ್ನು ಘಟ್ಟದ ಮೇಲೆ ಕೊಟ್ಟಿದ್ದಳು. ಮಗಳು ತುಂಬು ಬಸುರಿ, ಇಳಿದು ಬರುವಂತಿಲ್ಲ. ಉಪ್ಪು ಎತ್ತಿ ಮುಗಿಯುವವರೆಗೆ ತಾಯಿ ಹತ್ತಿ ಹೋಗುವಂತಿಲ್ಲ. ಅಮ್ಮನ ಮುಖವನ್ನಾದರೂ ಕಳುಹಿಸು ಎಂದು ಮಗಳು ಹೇಳಿಕಳುಹಿಸಿದ್ದಳು.

ಉಪ್ಪಿನ ಗದ್ದೆಗೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ. ಜನ ತಿನ್ನುವ ಉಪ್ಪು ಅದು. ಛಾಯಾಗ್ರಾಹಕನಿಗೆ ಬರಿಗಾಲಲ್ಲಿ ಇಳಿಯುವ ಮನಸ್ಸಿರಲಿಲ್ಲ. ಬದುವಿನ ಮೇಲಿದ್ದ ತೆಂಗಿನ ಗರಿಯ ಚಪ್ಪರದ ನೆರಳಿನಲ್ಲೇ ನಿಂತು ಕ್ಯಾಮೆರಾ ಎತ್ತಿದ. ಮುಳ್ಳು ಜಿಗಿದು ತುದಿಗೆ ಹೋಯಿತು. ಬೆಳಕು ವಿಪರೀತವಾಯಿತು, ಮುಚ್ಚು ಎಂದಿತು. ಅವನು ಬಳೆ ತಿರುಗಿಸಿ ಬೆಳಕಿನ ದಾರಿಯನ್ನು ಕಿರಿದು ಮಾಡಿದ. ಮುಳ್ಳು ನಡುವಿಗೆ ಬಂದು ನಿಂತಿತು. ಚಿತ್ರ ತೆಗೆದ.

ಚಿತ್ರವನ್ನು ತೊಳೆದು, ಅಚ್ಚು ಹಾಕಿ ತಂದುಕೊಟ್ಟ. ಅದರಲ್ಲಿ ಉಪ್ಪು ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೆಂಗಸಿನ ಮುಖವಿರಬೇಕಾದಲ್ಲಿ ಒಂದು ಕರಿ ಮಚ್ಚೆಯಿತ್ತು. ಕಣ್ಣಿಲ್ಲ, ಬಾಯಿಲ್ಲ.

"ಇದ್ರಲ್ಲಿ ಉಪ್ಪೂ ಇಲ್ಲ, ನಾನೂ ಇಲ್ಲ, ಒಡ್ಯಾ," ಎಂದಳು ಅವಳು.

"ಮುಳ್ಳು ಸುಳ್ಳು ಹೇಳುವುದಿಲ್ಲ," ಎಂದ ಅವನು. "ಅದಕ್ಕೆ ನೀನು ಕಂಡದ್ದೇ ಹೀಗೆ."

ಅವಳು ಜಗಳವಾಡಲಿಲ್ಲ. ಚಿತ್ರವನ್ನು ಅವನ ಕೈಗೇ ಕೊಟ್ಟು, ಹಲಗೆ ಎತ್ತಿಕೊಂಡು ಗದ್ದೆಗಿಳಿದಳು. ಜಗಳವಾಡಿದ್ದರೆ ಅವನು ಆ ರಾತ್ರಿ ಆರಾಮವಾಗಿ ಮಲಗುತ್ತಿದ್ದ.

ಇಲ್ಲಿಗೆ ಗುರುಗಳು ಸ್ವಲ್ಪ ತಡೆದರು. "ಮುಳ್ಳನ್ನು ಮಾಡಿದವರು ಅದಕ್ಕೆ ಕಲಿಸಿದ ಪಾಠ ಒಂದೇ, ಮರುಳಯ್ಯ. ಲೋಕ ಬಿಳಿಯೂ ಅಲ್ಲ, ಕಪ್ಪೂ ಅಲ್ಲ, ನಡುವಿನ ಬೂದು ಎಂದು. ಬೂದಿನ ಲೋಕದಲ್ಲಿ ಅದು ಸರಿಯಾಗಿಯೇ ಹೇಳುತ್ತದೆ. ಇಷ್ಟು ಬಿಳಿಯನ್ನು ಕಂಡಾಗ ಅದನ್ನೂ ಬೂದು ಮಾಡು ಎನ್ನುತ್ತದೆ. ಆ ದಿನ ಅದು ಅಳೆದದ್ದು ಹೆಂಗಸನ್ನಲ್ಲ, ಅವಳ ಸುತ್ತಲಿನ ಬಿಳಿಯನ್ನು. ಆ ಅಳತೆಗೆ ಅವಳ ಮುಖ ಕಪ್ಪಾಯಿತು."

ಮರುಳಯ್ಯನಿಗೆ ಭಜನೆಯ ಸಾಲು ನೆನಪಾಯಿತು. ಬಿಳಿ ಪಂಚೆಗಳು, ನಡುವೆ ಒಂದು ಮಸಿ ಬನಿಯನ್ನು. ಅವನು ಕೂತಲ್ಲೇ ಕೊಂಚ ಸರಿದ.

ಗುರುಗಳು ಮುಂದುವರಿಸಿದರು.

ಪಡುವಣದಲ್ಲಿ ಮೋಡ ಕಾಣಿಸಿಕೊಂಡಿತು. ಮೊದಲ ಮಳೆ ಬಿದ್ದರೆ ಗದ್ದೆಯ ಉಪ್ಪು ಕರಗುತ್ತದೆ, ಕೆಲಸದವರು ಚದುರುತ್ತಾರೆ. ಅಷ್ಟರೊಳಗೆ ಚಿತ್ರವಾಗಬೇಕು ಎಂದು ಛಾಯಾಗ್ರಾಹಕ ಮತ್ತೆ ಬಂದ. ರೀಲಿನಲ್ಲಿ ಉಳಿದಿದ್ದದ್ದು ಒಂದೇ ಚಿತ್ರ. ಚಪ್ಪರದಲ್ಲಿ ನಿಂತ. ಮುಳ್ಳು ತುದಿಗೆ ಜಿಗಿಯಿತು. ಉಪ್ಪಿನ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ತಡೆಯಲಾರದೆ ಅಂಗೈಯನ್ನು ಮುಂದೆ ಹಿಡಿದ. ಕಿಂಡಿಯ ತುಂಬ ಅಂಗೈಯೇ ತುಂಬಿಕೊಂಡಿತು. ಮುಳ್ಳು ಕೆಳಗಿಳಿಯಿತು. ಕೈ ತೆಗೆದ, ಮೇಲೇರಿತು. ಮತ್ತೆ ಹಿಡಿದ, ಇಳಿಯಿತು.

ಸುತ್ತಲಿನ ಬಿಳಿಯನ್ನು ಬಿಟ್ಟು, ಅವಳ ಮುಖಕ್ಕೆ ಬದಲಾಗಿ ತನ್ನ ಅಂಗೈಯನ್ನು ಅಳೆದರೆ ಸಾಕಲ್ಲ ಎಂದು ಅವನಿಗೆ ಆಗ ಹೊಳೆಯಿತು. ತಟ್ಟನೆ ಬಳೆಗೆ ಕೈ ಹಾಕಿದ. ಆದರೆ ತಿರುಗಿಸಲಿಲ್ಲ. ತನ್ನ ಕೈ ಚಪ್ಪರದ ನೆರಳಿನಲ್ಲಿದೆ, ಅವಳ ಮುಖ ಬಿಸಿಲಿನಲ್ಲಿದೆ ಎಂಬುದು ಅವನ ಕಣ್ಣಿಗೆ ಬಿತ್ತು. ನೆರಳಿನ ಕೈಯನ್ನು ಅಳೆದು ಚಿತ್ರ ತೆಗೆದಿದ್ದರೆ ಬೆಳಕು ಹೆಚ್ಚಾಗಿ ಅವಳು ಈ ಸಲ ಸುಣ್ಣದಂಥ ಬಿಳಿಯಲ್ಲಿ ಕಳೆದುಹೋಗುತ್ತಿದ್ದಳು.

ಅವನು ಹಲ್ಲುಕಚ್ಚಿ ಚಪ್ಪಲಿ ಬಿಟ್ಟು ಗದ್ದೆಗಿಳಿದ. ಹಿಮ್ಮಡಿಯ ಒಡಕಿಗೆ ಉಪ್ಪುನೀರು ಹೊಕ್ಕಿತು. ಹೆಂಗಸು ಕೆಲಸ ನಿಲ್ಲಿಸದೆ ಅವನ ಕಾಲು ನೋಡಿದಳು.

"ಉರೀತದಾ, ಒಡ್ಯಾ?"

"ಉರಿಯುತ್ತದೆ, ತಾಯಿ."

"ಹೂಂ," ಎಂದಳು. ಆಗ ಹಲಗೆಯನ್ನು ನೆಲಕ್ಕೂರಿ ನಿಂತಳು.

ಅವನು ಅವಳ ಪಕ್ಕದಲ್ಲಿ ನಿಂತು, ಅವಳ ಮುಖದ ಮೇಲೆ ಬೀಳುತ್ತಿದ್ದ ಬಿಸಿಲಿಗೇ ತನ್ನ ಅಂಗೈ ಚಾಚಿದ. ಮುಳ್ಳನ್ನು ನೋಡಿ ಬಳೆ ತಿರುಗಿಸಿದ. ಹಿಂದೆ ಸರಿದು ಕ್ಯಾಮೆರಾ ಎತ್ತಿದಾಗ ಮುಳ್ಳು ಮತ್ತೆ ತುದಿಗೆ ಹಾರಿ, ತಪ್ಪು ತಪ್ಪು ಎಂದು ಕುಣಿಯಿತು. ಕುಣಿಯಲಿ ಎಂದು ಬಿಟ್ಟು ಚಿತ್ರ ತೆಗೆದ.

ಅವನು ಚಿತ್ರ ತರುವಷ್ಟರಲ್ಲಿ ಮಳೆ ಹಿಡಿದಿತ್ತು. ಗದ್ದೆ ಇದ್ದಲ್ಲಿ ನೀರಿತ್ತು. ಚಿತ್ರದಲ್ಲಿ ಮಾತ್ರ ಉಪ್ಪು ಉಪ್ಪಿನಷ್ಟೇ ಬಿಳಿಯಾಗಿ ಉಳಿದಿತ್ತು, ಅದರ ನಡುವೆ ಅವಳು ಕಣ್ಣು ಕಿರಿದು ಮಾಡಿ ನಿಂತಿದ್ದಳು. ಹುಬ್ಬಿಗೆ ಅಂಟಿದ ಉಪ್ಪಿನ ಹರಳೂ ಕಾಣುತ್ತಿತ್ತು. ಅವನ ಕಾಲಿನ ಪಾಡು ನೋಡಿ ಬಂದಿದ್ದ ನಗೆ ತುಟಿಯ ಅಂಚಿನಲ್ಲಿ ಹಾಗೇ ಇತ್ತು. ಅವಳು ಬಹಳ ಹೊತ್ತು ನೋಡಿ, ಮಳೆ ತಾಗದಂತೆ ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು. ಮುಂದೆ ಘಟ್ಟದ ಮೇಲೆ ಮಗಳು ತನ್ನ ಕೂಸಿಗೆ ಆ ಚಿತ್ರ ತೋರಿಸಿ, ನೋಡು, ಇವಳೇ ನಿನ್ನಜ್ಜಿ, ಎಂದಳಂತೆ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ತಾನೂ ಆ ಬಿಳಿಯೊಳಗಿಂದ ಈಗಷ್ಟೇ ಎದ್ದು ಬಂದಂತಿತ್ತು. ಜಗಲಿ, ಮೆಟ್ಟಿಲು, ಸಂಜೆ ಎಲ್ಲವೂ ನಿಧಾನವಾಗಿ ತಮ್ಮ ತಮ್ಮ ಜಾಗಕ್ಕೆ ಬಂದವು.

"ಹಾಗಾದರೆ ಅವನು ಮುಳ್ಳನ್ನು ನಂಬುವುದನ್ನು ಬಿಟ್ಟನೇ, ಗುರುಗಳೇ?"

"ಯಾಕೆ ಬಿಡಬೇಕು? ಒಳ್ಳೆಯ ಮುಳ್ಳು ಅದು. ನೆರಳಿನಲ್ಲಿ ನಿಂತು ಅದನ್ನು ಕೇಳುವುದನ್ನು ಬಿಟ್ಟ."

ಭಜನೆಗೆ ಗಂಟೆಯಾಯಿತು. ಹಿತ್ತಲಿನ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ಅದರೊಳಗೆ ಯಾರೋ ಕೆಮ್ಮಿದರು. ಬೆಳಿಗ್ಗೆ ತೋಂಟಪ್ಪನನ್ನು ಕಳುಹಿಸುವ ಮಾತನ್ನು ಕೇಳಿಯೇ ಬಿಡೋಣವೆಂದು ಮರುಳಯ್ಯ ಎದ್ದು ಕೈಮುಗಿದ. ಗುರುಗಳು ಅವನ ಮುಗಿದ ಕೈಗಳನ್ನೇ ನೋಡುತ್ತಿದ್ದರು.

"ತೋಂಟಪ್ಪನ ಒಲೆಯ ಮುಂದೆ ಈ ಕೈ ಎಂದಾದರೂ ಚಾಚಿದ್ದೀಯಾ, ಮರುಳಯ್ಯ?"

ಮರುಳಯ್ಯ ಭಜನೆಯ ಕಡೆಗೆ ಹೋಗದೆ, ಹೊಗೆ ಬರುತ್ತಿದ್ದ ಹಿತ್ತಲಿನ ಕಡೆಗೆ ನಡೆದ.